ವಾಯಿದೆ ತಪ್ಪಿ ವಾರಂಟ್ ಆಗಿದ್ದರೆ ಮುಂದೇನು ಮಾಡಬೇಕು

ಜಾಮೀನಿನ ಮೇಲೆ ಹೊರಗಿದ್ದವರು ವಾಯಿದೆಗೆ, ಅಂದರೆ ಕೋರ್ಟ್ ಕೊಟ್ಟ ವಿಚಾರಣೆಯ ದಿನಕ್ಕೆ ಬಾರದಿದ್ದರೆ ಕೋರ್ಟಿನ ಆರ್ಡರ್ ಶೀಟಿನಲ್ಲಿ ಬೀಳುವುದು ಎರಡೇ ಸಾಲು: ‘ಆರೋಪಿ ಗೈರು, ಇ.ಪಿ. ಇಲ್ಲ. ಮುಚ್ಚಳಿಕೆ ಮುಟ್ಟುಗೋಲು, ಎನ್‌ಬಿಡಬ್ಲ್ಯೂ ಹೊರಡಿಸಿ, ಜಾಮೀನುದಾರರಿಗೆ ನೋಟಿಸ್.’ ಇ.ಪಿ. ಅಂದರೆ ಅವತ್ತಿನ ಮಟ್ಟಿಗೆ ಹಾಜರಾತಿ ಮಾಫಿ ಕೇಳುವ ಅರ್ಜಿ. ಮುಚ್ಚಳಿಕೆ ಅಂದರೆ ಜಾಮೀನಿಗೆ ಬರೆದುಕೊಟ್ಟ ಬಾಂಡ್, ಎನ್‌ಬಿಡಬ್ಲ್ಯೂ ಅಂದರೆ ಜಾಮೀನುರಹಿತ ಬಂಧನ ವಾರಂಟ್. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು ವಕೀಲರಿಗೆ ಹಿಂದಿನ ದಿನ ಒಂದು ಫೋನ್ ಮಾಡಿದ್ದರೂ ಆ ಅರ್ಜಿ ಬೀಳುತ್ತಿತ್ತು, ಬಹುತೇಕ ವಾರಂಟ್ ಆಗುತ್ತಿರಲಿಲ್ಲ.

ಎನ್‌ಬಿಡಬ್ಲ್ಯೂ ತಾನಾಗಿ ಹಳೆಯದಾಗಿ ಸಾಯುವುದಿಲ್ಲ. ಅದು ಜಾರಿಯಾಗಬೇಕು, ಇಲ್ಲವೇ ಕೋರ್ಟ್ ರದ್ದು ಮಾಡಬೇಕು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮು ಹೇಳುವುದು ಇದನ್ನೇ. ಠಾಣೆಯಲ್ಲಿ ಯಾರಿಗೆ ಏನು ಕೊಟ್ಟರೂ ವಾರಂಟ್ ಹೋಗುವುದಿಲ್ಲ. ‘ನಾವು ನೋಡಿಕೊಳ್ಳುತ್ತೇವೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮೊದಲು ಕೇಸಿನ ಸ್ಥಿತಿ ತಿಳಿದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ವಾಯಿದೆ, ಯಾವ ಕೋರ್ಟ್ ಹಾಲ್ ಎಂಬುದು ಬರುತ್ತದೆ. ನಂಬರ್ ಇಲ್ಲದಿದ್ದರೆ ಠಾಣೆಯ ಹೆಸರು, ಕ್ರೈಂ ನಂಬರ್, ವರ್ಷ ಹಾಕಿ ಹುಡುಕಬಹುದು. ಕುಂದಗೋಳದ ಕೇಸಿಗೆ ಹುಬ್ಬಳ್ಳಿ ಕೋರ್ಟಿನಲ್ಲಿ, ರೋಣದ ಕೇಸಿಗೆ ಗದಗಿನಲ್ಲಿ ಅರ್ಜಿ ಹಾಕಲು ಹೋಗಬೇಡಿ. ವಾರಂಟ್ ಹೊರಡಿಸಿದ ಕೋರ್ಟಿಗೇ ಹೋಗಬೇಕು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡುವುದು ಕೊನೆಯ ದಾರಿ, ಮೊದಲನೆಯದಲ್ಲ.

ಹೋಗುವ ದಿನ ಸೋಮವಾರದಿಂದ ಗುರುವಾರದೊಳಗೆ ಇರಲಿ, ಬೆಳಿಗ್ಗೆ ಕಲಾಪ ಶುರುವಾಗುವ ಮೊದಲೇ ವಕೀಲರ ಜೊತೆ ಅಲ್ಲಿರಿ. ಶನಿವಾರ ಮಧ್ಯಾಹ್ನ ಅಥವಾ ರಜೆಯ ಹಿಂದಿನ ದಿನ ಹಾಜರಾದಾಗ ಅರ್ಜಿ ತಿರಸ್ಕಾರವಾದರೆ, ಜಾಮೀನುದಾರರನ್ನು ತರಲು ಸಮಯ ಸಿಗದೆ ಜೈಲಿನಲ್ಲಿ ಕಾಯಬೇಕಾಗುತ್ತದೆ. ಅವತ್ತು ವಾಯಿದೆ ಇಲ್ಲದಿದ್ದರೆ ಎರಡು ಅರ್ಜಿ ಬೇಕು: ಕೇಸನ್ನು ಅವತ್ತಿಗೆ ಅಡ್ವಾನ್ಸ್ ಮಾಡಿಕೊಳ್ಳಲು (ಮುಂಚಿತವಾಗಿ ತೆಗೆದುಕೊಳ್ಳಲು) ಒಂದು, ವಾರಂಟ್ ರದ್ದತಿಗೆ, ಅಂದರೆ ರೀಕಾಲ್‌ಗೆ ಒಂದು. ಹಳೆಯ ವಕೀಲರು ಬದಲಾಗಿದ್ದರೆ ಹೊಸ ವಕಾಲತ್ತು ಕೂಡ.

ರೀಕಾಲ್ ಅರ್ಜಿಯ ಬಲವೆಲ್ಲ ಕಾರಣದಲ್ಲಿದೆ. ‘ಅನಾರೋಗ್ಯದಿಂದ ಬರಲಾಗಲಿಲ್ಲ’ ಎಂಬ ಒಂದೇ ಸಾಲನ್ನು ನ್ಯಾಯಾಧೀಶರು ದಿನಾ ಓದುತ್ತಾರೆ. ಅದರ ಬದಲು ಯಾವ ವಾಯಿದೆ ತಪ್ಪಿತು, ಆ ದಿನ ಎಲ್ಲಿದ್ದಿರಿ, ಅದಕ್ಕೆ ಕಾಗದವೇನು ಎಂದು ಬರೆಸಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಕೆಲಸ ಕೊಟ್ಟವರ ಪತ್ರ, ಬಸ್ ಇಲ್ಲವೇ ರೈಲಿನ ಟಿಕೆಟ್, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ ಲಗತ್ತಿಸಿ. ಆಸ್ಪತ್ರೆಯ ಚೀಟಿಯ ತಾರೀಖು ವಾಯಿದೆಗೆ ಹೊಂದದಿದ್ದರೆ ಅದನ್ನು ಹಾಕುವುದಕ್ಕಿಂತ ಹಾಕದಿರುವುದು ಮೇಲು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಮುಂದಿನ ಜಾಮೀನಿಗೂ ಅದೇ ಅಡ್ಡ ಬರುತ್ತದೆ.

ಮೊದಲ ಸಲ ತಪ್ಪಿದ್ದು, ತಾನಾಗಿ ಬಂದದ್ದು ಎಂದಾದರೆ ದಂಡ ಹಾಕಿ ರೀಕಾಲ್ ಮಾಡುವುದು ಸಾಮಾನ್ಯ. ಮುಚ್ಚಳಿಕೆ ರದ್ದಾಗಿದ್ದರೆ ಹೊಸ ಜಾಮೀನುದಾರರನ್ನು ಕೇಳಬಹುದು. ಆದ್ದರಿಂದ ಅವರನ್ನು ಅವತ್ತೇ ಕರೆದೊಯ್ಯಿರಿ: ಆಧಾರ್, ಹೊಲದ ಉತಾರ (ಪಹಣಿ) ಅಥವಾ ಮನೆಯ ತೆರಿಗೆ ರಸೀದಿ, ಫೋಟೊ. ಉತಾರದ ಹೆಸರು ಆಧಾರಿನ ಹೆಸರಿಗೆ ಹೊಂದಬೇಕು. ಅಪ್ಪ ತೀರಿಕೊಂಡು ವಾರಸಾ ಆಗದ, ಅಂದರೆ ವಾರಸುದಾರರ ಹೆಸರಿಗೆ ಬದಲಾಗದ ಉತಾರ ತಂದು ತಿರುಗಿ ಹೋಗುವವರು ಬಹಳ.

ಆದೇಶವಾದ ಮೇಲೆ ಕೆಲಸ ಮುಗಿಯಿತೆಂದು ಊರಿಗೆ ಹೋಗಬೇಡಿ. ರೀಕಾಲ್ ಆದ ವಿಷಯ ಠಾಣೆಗೆ ಮುಟ್ಟಲು ದಿನಗಳಾಗುತ್ತವೆ, ಅಷ್ಟರೊಳಗೆ ಪೇದೆ ಬಾಗಿಲಿಗೆ ಬರಬಹುದು. ಆದೇಶದ ನಕಲು ಪಡೆದು, ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಇನ್ನೊಂದು ಜೇಬಿನಲ್ಲಿರಲಿ.

ಜಾಮೀನುದಾರರ ಪಾಡನ್ನು ಕೇಳುವವರು ಕಡಿಮೆ. 50,000 ರೂಪಾಯಿಗೆ ಸಹಿ ಹಾಕಿದ ಸೋದರಮಾವನಿಗೆ ಸುರಕ್ಷಾ ಸಂಹಿತೆಯ 491ನೇ ಕಲಮಿನ ನೋಟಿಸ್ ಬರುತ್ತದೆ: ಹಣ ಕಟ್ಟಿ, ಇಲ್ಲವೇ ಯಾಕೆ ಕಟ್ಟಬಾರದೆಂದು ಕಾರಣ ಕೊಡಿ. ಅದನ್ನು ಸುಮ್ಮನೆ ಇಟ್ಟುಕೊಂಡರೆ ದಂಡದಂತೆ ವಸೂಲಿ ನಡೆಯುತ್ತದೆ. ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. ಆರೋಪಿಯನ್ನು ಹುಡುಕಲು ಏನೇನು ಮಾಡಿದಿರೆಂದು ಬರೆದುಕೊಟ್ಟು, ಸಾಧ್ಯವಾದರೆ ಅವನನ್ನೇ ಕರೆತಂದು ನಿಲ್ಲಿಸಿದರೆ ಕೋರ್ಟ್ ಮೊತ್ತದ ಒಂದು ಭಾಗವನ್ನು ಮಾಫಿ ಮಾಡಬಹುದು. ಹಣ ಕಟ್ಟುವ ಆದೇಶವನ್ನು ಮ್ಯಾಜಿಸ್ಟ್ರೇಟ್ ಮಾಡಿದ್ದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಇದೆ. ಆರೋಪಿ ಕೈತಪ್ಪುವ ಲಕ್ಷಣ ಕಂಡಾಗಲೇ 489ನೇ ಕಲಮಿನಡಿ ತನ್ನನ್ನು ಬಿಡುಗಡೆ ಮಾಡಿ ಎಂದು ಜಾಮೀನುದಾರರು ಅರ್ಜಿ ಹಾಕಬಹುದು.

ವಾರಂಟಿಗೂ ಸಿಗದವರ ಮೇಲೆ ಅದೇ ಸಂಹಿತೆಯ 84ನೇ ಕಲಮಿನ ಉದ್ಘೋಷಣೆ (ಹಾಜರಾಗಬೇಕೆಂಬ ಬಹಿರಂಗ ಪ್ರಕಟಣೆ) ಹೊರಡುತ್ತದೆ, ಹಾಜರಾಗಲು ಕನಿಷ್ಠ 30 ದಿನ ಕೊಟ್ಟು. ಆಸ್ತಿ ಜಪ್ತಿಯೂ ಆಗಬಹುದು. ಇಲ್ಲಿಂದ ಮುಂದೆ ಹೊಸ ಅಪರಾಧವೇ ಹುಟ್ಟುತ್ತದೆ. ಅಪರಾಧ-ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 209ನೇ ಕಲಮಿನಡಿ ಮೂರು ವರ್ಷದವರೆಗೆ, ಘೋಷಿತ ಅಪರಾಧಿ ಎಂದು ಕೋರ್ಟ್ ಸಾರಿದ್ದರೆ ಏಳು ವರ್ಷದವರೆಗೆ ಶಿಕ್ಷೆ. ಉದ್ಘೋಷಣೆಯಾಗದೆ ಜಾಮೀನಿನ ವಾಯಿದೆ ತಪ್ಪಿದ್ದಕ್ಕೆ ಮಾತ್ರ 269ನೇ ಕಲಮು: ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ತಪ್ಪಿಸಿಕೊಂಡದ್ದಕ್ಕೆ ಸಾಕಷ್ಟು ಕಾರಣವಿಲ್ಲ ಎಂಬುದರ ಮೇಲೆ ಇದು ನಿಂತಿರುವುದರಿಂದ ರೀಕಾಲ್ ಅರ್ಜಿಗೆ ಕೂಡಿಸಿದ ಕಾಗದಗಳೇ ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಹೀಗೆ ಗೈರಾದದ್ದು 2024ರ ಜುಲೈ 1ಕ್ಕಿಂತ ಹಿಂದೆಯಾಗಿದ್ದರೆ ಕಲಮುಗಳು ಹಳೆಯ ಭಾರತೀಯ ದಂಡ ಸಂಹಿತೆಯವು: 174ಎ, 229ಎ.

ಪೊಲೀಸರ ಕೈಯಿಂದ, ಅಂದರೆ ಕೋರ್ಟಿಗೋ ಆಸ್ಪತ್ರೆಗೋ ಕರೆದೊಯ್ಯುವಾಗ ಓಡಿಹೋದರೆ ನ್ಯಾಯ ಸಂಹಿತೆಯ 262ನೇ ಕಲಮು, ಎರಡು ವರ್ಷದವರೆಗೆ. ಓಡಿದ ಜಾಗದ ಠಾಣೆಯಲ್ಲಿ ಬೇರೆ ಎಫ್‌ಐಆರ್ ಆಗುತ್ತದೆ. ಇದು ಜಾಮೀನು ಸಿಗುವ ಅಪರಾಧ, ಆದರೆ ಮೂಲ ಕೇಸಿನ ಬಂಧನ ಹಾಗೇ ಇರುವುದರಿಂದ ಇದರಲ್ಲಿ ಜಾಮೀನು ಸಿಕ್ಕ ಮಾತ್ರಕ್ಕೆ ಹೊರಬರುವುದಿಲ್ಲ. ವಾದ ನಡೆಯುವುದು ಒಂದೇ ಪ್ರಶ್ನೆಯ ಸುತ್ತ: ಆಗ ಇದ್ದ ಬಂಧನ ಕಾನೂನುಬದ್ಧವೇ? ಬಂಧನದ ಮೆಮೊ, ಠಾಣೆಯ ದಿನಚರಿ, ಬೆಂಗಾವಲಿನ ಆದೇಶ, ಇವುಗಳ ಸಮಯ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ವಕೀಲರು ನೋಡಲೇಬೇಕು. ‘ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸೋಣ’ ಎಂಬ ಅವಸರ ಬೇಡ. ಆ ಶಿಕ್ಷೆ ಮೂಲ ಕೇಸಿನ ಶಿಕ್ಷೆಗೆ ಹೆಚ್ಚುವರಿ, ಮತ್ತು ಒಪ್ಪಿಗೆ ಮೂಲ ಕೇಸಿನ ಜಾಮೀನಿಗೆ ಕಲ್ಲಾಗುತ್ತದೆ. ರಾಜಿಯಾಗುವ ಅಪರಾಧವೂ ಇದಲ್ಲ. ಪ್ಲೀ ಬಾರ್ಗೇನಿಂಗ್ (ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತುಕತೆ) ಮಾತ್ರ ಸಾಧ್ಯ, ಅದರ ಅರ್ಜಿ ಆರೋಪ ಹೊರಿಸಿದ 30 ದಿನದೊಳಗೆ ಬೀಳಬೇಕು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕಿನಲ್ಲಿ ಅದರ ಸಮಿತಿ ಇವೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.