ಮಗುವಿಗೆ ಎಸ್‌ಎಂಎ ಇರಬಹುದು ಎಂದಾಗ: ಮೊದಲು ಪರೀಕ್ಷೆ, ಆಮೇಲೆ ಹಣದ ಓಡಾಟ

ಆರು ತಿಂಗಳು ತುಂಬುವ ಮೊದಲೇ ಕೈಕಾಲು ಸೋತು, ಕತ್ತು ನಿಲ್ಲದೆ, ಉಸಿರೆಳೆದಾಗ ಎದೆ ಒಳಗೆ ಕುಸಿದು ಹೊಟ್ಟೆ ಮಾತ್ರ ಉಬ್ಬುತ್ತಿದ್ದರೆ, 'ಕೆಲವು ಮಕ್ಕಳು ನಿಧಾನ' ಎಂಬ ಸಮಾಧಾನಕ್ಕೆ ಕಿವಿಗೊಡಬೇಡಿ. ಮಗು ಲವಲವಿಕೆಯಿಂದ ನಗುತ್ತಿದ್ದರೂ ಅಷ್ಟೇ. ಎಸ್‌ಎಂಎ, ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಯಲ್ಲಿ ಬೆನ್ನುಹುರಿಯ ನರಕೋಶಗಳು ಸಾಯುತ್ತವೆ. ಔಷಧ ಉಳಿದವನ್ನು ಕಾಯುತ್ತದೆ, ಸತ್ತವನ್ನು ಮರಳಿ ತರುವುದಿಲ್ಲ.

ಮಕ್ಕಳ ನರರೋಗ ತಜ್ಞರಲ್ಲಿ, ಜೀನ್‌ನ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಿ. ದೋಷವಿದ್ದರೆ ಈ ಕಾಯಿಲೆ ತರುವ ಎಸ್‌ಎಂಎನ್1 ಮತ್ತು ಅದರ ಜೋಡಿಯಂಥ ಎಸ್‌ಎಂಎನ್2 ಜೀನ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ, ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಸಾಮಾನ್ಯ ಎಕ್ಸೋಮ್ ಪರೀಕ್ಷೆಯ ಕಣ್ಣಿಗೆ ದೋಷ ಬೀಳದೆ ಹೋಗಬಹುದು. ಎಸ್‌ಎಂಎನ್1ರ 7ನೇ ಎಕ್ಸಾನ್ (ಜೀನ್‌ನ ಒಂದು ತುಣುಕು) ಇದೆಯೇ, ಎಸ್‌ಎಂಎನ್2ರ ಪ್ರತಿಗಳು ಎಷ್ಟು ಎಂಬ ಎರಡೂ ವರದಿಯಲ್ಲಿ ಇರಲೇಬೇಕು. ಸುಮಾರು 95% ಮಕ್ಕಳಲ್ಲಿ ಆ ಎಕ್ಸಾನ್ ಎಸ್‌ಎಂಎನ್1ರ ಎರಡೂ ಪ್ರತಿಗಳಲ್ಲಿ ಇರುವುದಿಲ್ಲ. ಒಂದು ಪ್ರತಿ ಉಳಿದಿದ್ದು ಲಕ್ಷಣಗಳು ಹೊಂದುತ್ತಿದ್ದರೆ ಅಲ್ಲಿಗೇ ಬಿಡದೆ ಎಸ್‌ಎಂಎನ್1 ಸೀಕ್ವೆನ್ಸಿಂಗ್ (ಜೀನ್ ಅನ್ನು ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆ) ಮಾಡಿಸಿ.

ವರದಿ ಕಾಯುವ ದಿನಗಳಲ್ಲಿ ಉಸಿರಿನ ಮೇಲೆ ನಿಗಾ ಇರಲಿ. ಹೆಚ್ಚು ಮಕ್ಕಳಿಗೆ ಅಪಾಯ ಬರುವುದು ಇಲ್ಲೇ. ಬರೀ ಆಕ್ಸಿಜನ್ ಕೊಟ್ಟರೆ ಆಕ್ಸಿಮೀಟರ್‌ನ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರಬಹುದು. ಮಾಸ್ಕ್ ಮೂಲಕ ಉಸಿರಾಟಕ್ಕೆ ಆಸರೆ ಕೊಡುವ ಬೈಪ್ಯಾಪ್ ಯಂತ್ರ ಬೇಕೇ ಎಂದು ಕೇಳಿ. ಹಾಲು ಕುಡಿಯುವಾಗ ಕೆಮ್ಮಿದರೆ ನುಂಗುವ ಶಕ್ತಿಯನ್ನು ಪರೀಕ್ಷೆ ಮಾಡಿಸಿ.

ಔಷಧ ಮೂರಿವೆ. ನುಸಿನರ್ಸೆನ್ ಬೆನ್ನುಹುರಿಯ ದ್ರವಕ್ಕೆ ಕೊಡುವ ಇಂಜೆಕ್ಷನ್. ಆರಂಭದ ನಾಲ್ಕು ಡೋಸ್ ಆದಮೇಲೆ ನಾಲ್ಕು ತಿಂಗಳಿಗೊಮ್ಮೆ. ರಿಸ್ಡಿಪ್ಲಾಮ್ ದಿನಕ್ಕೊಮ್ಮೆ ಬಾಯಿಗೆ ಹಾಕುವ ದ್ರಾವಣ: ಡೋಸ್ ವಯಸ್ಸು, ತೂಕ ನೋಡಿ ಬದಲಾಗುತ್ತದೆ, ಆದ್ದರಿಂದ ಪ್ರತಿ ಭೇಟಿಯಲ್ಲೂ ತೂಕ ಹಾಕಿಸಿ. ಹಾಲಿಗೆ ಬೆರೆಸಬೇಡಿ. ಮಗು ಕಕ್ಕಿದರೆ ಅಂದು ಮತ್ತೆ ಕೊಡಬೇಡಿ. ಪುಡಿಗೆ ನೀರು ಹಾಕಿ ಕಲಸಿದ ಬಾಟಲಿ ಫ್ರಿಜ್‌ನಲ್ಲಿ 64 ದಿನ ಮಾತ್ರ. ಜೀನ್ ಚಿಕಿತ್ಸೆ ಒಂದೇ ಸಲ. ಅದಕ್ಕೆ ಮೊದಲು, ಜೀನ್ ಹೊತ್ತೊಯ್ಯುವ ವೈರಸ್ ಆದ ಎಎವಿ9ರ ವಿರುದ್ಧ ಪ್ರತಿಕಾಯ ಇದೆಯೇ ಎಂಬ ಪರೀಕ್ಷೆ, ಆಮೇಲೆ ವಾರಗಟ್ಟಲೆ ಸ್ಟೆರಾಯ್ಡ್ ಮತ್ತು ಲಿವರ್ ತಪಾಸಣೆ. ಸ್ಟೆರಾಯ್ಡ್ ನಡೆಯುವಾಗ ಯಾವ ಲಸಿಕೆಗೂ ಮೊದಲು ವೈದ್ಯರನ್ನು ಕೇಳಿ.

ಹಣಕ್ಕೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಇದೆ. ನೆರವಿನ ಮಿತಿ 50 ಲಕ್ಷ ರೂಪಾಯಿ. ಅದು ಮನೆಯವರ ಕೈಗಲ್ಲ, ಆಯ್ದ ಆಸ್ಪತ್ರೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆಗಿರುವ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ನೋಂದಾಯಿಸಿ. ದಿನವೂ ಕೊಡುವ ಔಷಧ ಜೀವನಪೂರ್ತಿ ಬೇಕು. ಹಣ ಮುಗಿದ ಮೇಲೆ ಏನು ಎಂದು ಶುರುಮಾಡುವ ಮೊದಲೇ ಕೇಳಿ. 2025ರಲ್ಲಿ ರಿಸ್ಡಿಪ್ಲಾಮ್‌ನ ಜನರಿಕ್ ಭಾರತದಲ್ಲಿ ಬಂದಿದೆ, ಅದನ್ನೂ ವಿಚಾರಿಸಿ.

ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ (ತಮಗೆ ಕಾಯಿಲೆ ಇಲ್ಲದಿದ್ದರೂ ದೋಷದ ಜೀನ್ ಹೊತ್ತವರು) ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ 25% ಸಾಧ್ಯತೆ ಇದೆ. ಮುಂದಿನ ಬಸಿರಿಗೆ ಮುಂಚೆ ಇಬ್ಬರ ವರದಿ ಸಿದ್ಧವಿದ್ದರೆ 11ನೇ ವಾರದಿಂದಲೇ ಭ್ರೂಣದ ಪರೀಕ್ಷೆ ಮಾಡಿಸಬಹುದು.