ತಾಮ್ರದ ಪೈಪಿನ ಬಾಯಿ: ಅರಳಿಸುವ ಮತ್ತು ಹಿಗ್ಗಿಸುವ ಕ್ರಮ

ಯುಗಾದಿ ಹತ್ತಿರವಾಗುತ್ತಿದ್ದಂತೆ ದಾವಣಗೆರೆಯಲ್ಲಿ ಏಸಿ ಕೂರಿಸುವವರಿಗೆ ಬಿಡುವಿರುವುದಿಲ್ಲ, ಮತ್ತು ಆ ಅವಸರದಲ್ಲಿ ಮಾಡಿದ ಕೆಲವು ಜೋಡಣೆಗಳು ಮುಂದಿನ ಬೇಸಿಗೆಯೊಳಗೆ ಗ್ಯಾಸ್ ಸೋರಿಸಿಕೊಂಡಿರುತ್ತವೆ. ನಾನು ಬಿಚ್ಚಿ ನೋಡಿದ ಅಂಥ ಜೋಡಣೆಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಫ್ಲೇರ್ ಮಾಡುವಾಗ ಅಲ್ಲ, ಅದಕ್ಕೂ ಮೊದಲು ಪೈಪನ್ನು ಕತ್ತರಿಸುವಾಗ.

ಫ್ಲೇರ್ ಎಂದರೆ ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ 45 ಡಿಗ್ರಿ ಓರೆಗೆ ಅರಳಿಸಿ, ನಟ್ ಬಿಗಿದು ಹಿತ್ತಾಳೆಯ ಮೊನೆಗೆ ಒತ್ತಿ ಕೂರಿಸುವುದು. ಸ್ವೇಜ್ ಎಂದರೆ ಅದೇ ಅಳತೆಯ ಇನ್ನೊಂದು ಪೈಪು ಒಳಗೆ ಸೇರುವಷ್ಟು ತುದಿಯನ್ನು ಹಿಗ್ಗಿಸಿ ಬೆಸುಗೆ ಹಾಕುವುದು. ಮುಂದೆ ಬಿಚ್ಚಬೇಕಾಗುವ ಕಡೆ ಫ್ಲೇರ್ ಇರಲಿ; ಗೋಡೆಯೊಳಗೆ ಹುದುಗಿ ಹೋಗುವ ಕಡೆ ಸ್ವೇಜ್ ಮಾಡುವುದೇ ಲೇಸು. ಹೈಡ್ರಾಲಿಕ್ ಕೆಲಸದವರಲ್ಲಿ ನೋಡಲು ಇಂಥದ್ದೇ ಆದ 37 ಡಿಗ್ರಿಯ ಟೂಲ್ ಇರುತ್ತದೆ. ಅದನ್ನು ಎರವಲು ತಂದರೆ ಜೋಡಣೆ ಎಂದೂ ಕೂರುವುದಿಲ್ಲ.

ಸುರುಳಿಯಲ್ಲಿ ಬರುವ ಮೆದು ತಾಮ್ರವನ್ನೇ ಬಳಸಬೇಕು. ಗರಗಸದಿಂದ ಕೊಯ್ಯಬಾರದು; ಕಟರನ್ನು ಪೈಪಿನ ಸುತ್ತ ಒಮ್ಮೆ ಪೂರ್ತಿ ತಿರುಗಿಸಿ, ಹಿಡಿಯನ್ನು ಸ್ವಲ್ಪವೇ ಬಿಗಿದು, ಮತ್ತೆ ತಿರುಗಿಸುತ್ತಾ ಹೋಗಬೇಕು. ಒಂದೇ ಸಲಕ್ಕೆ ಬಿಗಿದರೆ ಪೈಪಿನ ಬಾಯಿ ಒಳಕ್ಕೆ ಮಡಚಿಕೊಂಡು ದಪ್ಪ ಅಂಚು ನಿಲ್ಲುತ್ತದೆ. ಆ ಅಂಚನ್ನು ರೀಮರಿನಿಂದ (ಒಳ ಅಂಚು ಹೆರೆಯುವ ಉಪಕರಣ) ಹೆರೆಯುವಾಗ ಪೈಪಿನ ಬಾಯಿ ನೆಲದ ಕಡೆಗಿರಬೇಕು, ಇಲ್ಲದಿದ್ದರೆ ತಾಮ್ರದ ಚೂರು ಒಳಗೆ ಬಿದ್ದು ಕಂಪ್ರೆಸರಿನವರೆಗೂ ಹೋಗುತ್ತದೆ. ಅತಿಯಾಗಿ ಹೆರೆದರೂ ಅಂಚು ತೆಳುವಾಗಿ, ಅರಳಿಸುವಾಗ ಸೀಳುತ್ತದೆ. ನಮ್ಮೂರಿನ ಬೇಸಿಗೆಯ ಧೂಳಿನಲ್ಲಿ ಪೈಪಿನ ಇನ್ನೊಂದು ತುದಿಗೆ ಟೇಪು ಸುತ್ತದೆ ಮಹಡಿಯ ಮೇಲೆ ಬಿಡುವುದು ತಪ್ಪು.

ಈಗ ನಟ್ಟನ್ನು ಪೈಪಿಗೆ ತೂರಿಸಿ. ಚೆಂದದ ಫ್ಲೇರ್ ಮುಗಿಸಿದ ಮೇಲೆ ನಟ್ ಕಿಸೆಯಲ್ಲೇ ಉಳಿದಿರುವುದನ್ನು ಕಂಡು, ಪೈಪನ್ನು ಮತ್ತೆ ಕತ್ತರಿಸಿದ ಅನುಭವ ನನಗೂ ಒಂದಕ್ಕಿಂತ ಹೆಚ್ಚು ಸಲ ಆಗಿದೆ.

ಪೈಪನ್ನು ಫ್ಲೇರ್ ಟೂಲಿನ ಪಟ್ಟಿಯಲ್ಲಿ ಅದರ ಅಳತೆಯ ತೂತಿನಲ್ಲಿಟ್ಟು ಬಿಗಿಯಿರಿ. ಆರ್32, ಆರ್410ಎ ಗ್ಯಾಸಿನ ಲೈನಿಗೆ ಹಳೆಯ ಮಾದರಿಯ ಸಾದಾ ಟೂಲಿನಲ್ಲಿ ಪೈಪು ಸುಮಾರು 1.5 ಮಿ.ಮೀ. ಮೇಲೆದ್ದಿರಬೇಕು, ಆ ಗ್ಯಾಸುಗಳಿಗೆಂದೇ ಬಂದ ಕ್ಲಚ್ ಟೂಲಿನಲ್ಲಿ 0.5 ಮಿ.ಮೀ. ದಾಟಬಾರದು. ಬಾಯಿಯನ್ನು ಅರಳಿಸುವ ಟೂಲಿನ ಚೂಪು ತುದಿಗೆ, ಅಂದರೆ ಕೋನಿಗೆ, ಒಂದು ಹನಿ ಕಂಪ್ರೆಸರ್ ಎಣ್ಣೆ ಸವರಿ, ಮುಕ್ಕಾಲು ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತಾ ಇಳಿಸಬೇಕು. ಕೈಗೆ ತಡೆ ಗಟ್ಟಿಯಾಗಿ ಸಿಕ್ಕಲ್ಲಿಗೆ ನಿಲ್ಲಿಸಬೇಕು, ಏಕೆಂದರೆ ಅದರ ಮೇಲೆ ಹಾಕುವ ಬಲವೆಲ್ಲ ತಾಮ್ರವನ್ನು ತೆಳ್ಳಗೆ ಮಾಡುವುದಕ್ಕಷ್ಟೇ ಖರ್ಚಾಗುತ್ತದೆ. ಅರಳಿದ ಬಾಯಿಯ ಅಗಲ ಕಾಲು ಇಂಚಿನ ಪೈಪಿಗೆ ಸುಮಾರು 9 ಮಿ.ಮೀ., 3/8 ಇಂಚಿಗೆ 13, ಅರ್ಧ ಇಂಚಿಗೆ 16.5 ಇರಬೇಕು. ಒಳಮುಖ ಕನ್ನಡಿಯಂತೆ ಹೊಳೆಯಬೇಕು. ಅಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಕತ್ತರಿಸಿ ಬಿಸಾಡಿ.

ನಟ್ಟನ್ನು ಮೊದಲು ಬೆರಳಿನಲ್ಲೇ ಕೂರಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಟಾರ್ಕ್ ಸ್ಪ್ಯಾನರ್ ಇದ್ದರೆ ಕಾಲು ಇಂಚಿಗೆ 14ರಿಂದ 18 ನ್ಯೂಟನ್ ಮೀಟರ್ ಸಾಕು.

ಸ್ವೇಜ್ ಮಾಡುವಾಗ ಪೈಪು ತನ್ನ ವ್ಯಾಸಕ್ಕಿಂತ ಸುಮಾರು 3 ಮಿ.ಮೀ. ಹೆಚ್ಚು ಹೊರಗಿರಲಿ. ಬಾಯಿಯನ್ನು ಹಿಗ್ಗಿಸುವ ಉಕ್ಕಿನ ಪಂಚಿಗೆ ಎಣ್ಣೆ ಸವರಿ, ಅದನ್ನು ಸುತ್ತಿಗೆಯಿಂದ ಹಗುರವಾಗಿ ಬಡಿದು, ಪ್ರತಿ ಏಟಿನ ನಂತರ ಕೊಂಚ ತಿರುವಬೇಕು. ಬೆಣ್ಣೆ ದೋಸೆ ಹೋಟೆಲೊಂದರ ಫ್ರಿಜ್ಜಿನ ಹಿಂದೆ ಕುಳಿತು ಹಾಗೆ ತಿರುವದೆ ನಾಲ್ಕು ಏಟು ಹಾಕಿದ್ದಕ್ಕೆ ಪಂಚು ಕಚ್ಚಿಕೊಂಡು, ಪೈಪಿನ ಆ ತುಂಡನ್ನೇ ಕತ್ತರಿಸಬೇಕಾಯಿತು. ಸುತ್ತಿಗೆ ಆಡದ ಇಕ್ಕಟ್ಟಿನಲ್ಲಿ ಹಿಡಿ ಅದುಮುವ ಎಕ್ಸ್‌ಪ್ಯಾಂಡರ್ ಒಳ್ಳೆಯದು. ಬೆಸುಗೆಯ ಹೊತ್ತಿಗೆ ಲೈನಿನಲ್ಲಿ ಗ್ಯಾಸ್ ಇರಬಾರದು, ಏಕೆಂದರೆ ಆರ್32 ಹೊತ್ತಿಕೊಳ್ಳಬಲ್ಲದು. ಒಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿದ್ದರೆ ಕರಿ ಕಟ್ಟುವುದಿಲ್ಲ.

ಸೋರಿಕೆಯ ಪರೀಕ್ಷೆಯನ್ನು ರೆಗ್ಯುಲೇಟರ್ ಹಾಕಿದ ನೈಟ್ರೋಜನ್‌ನಲ್ಲೇ ಮಾಡಬೇಕು. ಆಮ್ಲಜನಕ ಎಣ್ಣೆಯೊಂದಿಗೆ ಸೇರಿದರೆ ಸ್ಫೋಟವಾಗುತ್ತದೆ, ಆದ್ದರಿಂದ ಅದನ್ನು ಎಂದೂ ತುಂಬಬಾರದು. ಸಾಬೂನಿನ ನೊರೆ ಹಚ್ಚಿ ನೋಡಿದ ಮೇಲೆ ಒಂದು ರಾತ್ರಿ ಒತ್ತಡದಲ್ಲೇ ಬಿಡಿ. ಮಧ್ಯಾಹ್ನ 38 ಡಿಗ್ರಿ ಬಿಸಿಲಲ್ಲಿ 400 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದ ಗೇಜಿನ ಮುಳ್ಳು ಬೆಳಗಿನ 24 ಡಿಗ್ರಿಗೆ 18–19 ಪಿಎಸ್‌ಐ ಇಳಿದಿದ್ದರೆ ಅದು ತಂಪಿನ ಲೆಕ್ಕ. ಅದಕ್ಕಿಂತ ಕೆಳಗಿದ್ದರೆ ಮತ್ತೆ ಸ್ಪ್ಯಾನರ್ ಹಿಡಿಯಬೇಕು.