ಮೂರರ ಪುಟಾಣಿಗೆ ಮೊಬೈಲ್ ಆಟ: ಕೈಗೆ ಕೊಡುವ ಮೊದಲು ನೀವೇ ಆಡಿ

ಎಲ್‌ಕೆಜಿಗೂ ಕಾಲಿಡದ ಮಗುವಿಗೆ ವಿಡಿಯೊ ಗೇಮ್ ಬೇಕೇ ಬೇಕು ಎಂದು ಯಾರೂ ವಾದಿಸುವುದಿಲ್ಲ. ಆದರೂ ಅಜ್ಜನ ಜೇಬಿನಿಂದ ಮೊಬೈಲ್ ಎಳೆದುಕೊಳ್ಳುವುದು, ಕಸಿದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುವುದು ಮನೆಮನೆಯಲ್ಲೂ ನಡೆದೇ ಇದೆ. ಕೊಡುವುದೇ ಖಚಿತವಾದರೆ ಯಾವ ಆಟ ಕೊಡಬೇಕು? ನನ್ನ ಅಳತೆಗೋಲು ಒಂದೇ: ಮಗು ತಾನಾಗಿ ಎದ್ದು ಹೋಗಲು ಬಿಡುವ ಆಟ ಒಳ್ಳೆಯದು, ಹಿಡಿದಿಟ್ಟುಕೊಳ್ಳುವ ಆಟ ಕೆಟ್ಟದ್ದು. ಮುಂದಿನ ಹೆಜ್ಜೆಗಳೆಲ್ಲ ಇದನ್ನು ಪತ್ತೆಹಚ್ಚುವ ದಾರಿಗಳು.

ಮೊದಲು ಸಮಯದ ಲೆಕ್ಕ

ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ನಮ್ಮ ಮಕ್ಕಳ ತಜ್ಞರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಇದೇ ಮಿತಿ ಹಾಕಿದೆ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ದೂರದ ಬಂಧುಗಳ ಜೊತೆ ಆಗೊಮ್ಮೆ ವಿಡಿಯೊ ಕರೆ ಆದೀತು ಎಂಬುದು ಅದರ ಸಲಹೆ. ಈ ಒಂದು ಗಂಟೆಯಲ್ಲಿ ಟಿ.ವಿ., ಯೂಟ್ಯೂಬ್ ಎಲ್ಲವೂ ಸೇರಿವೆ. ಊಟ ಮಾಡಿಸುವಾಗ ಹಾಕಿದ ಹಾಡುಗಳೇ ಅರ್ಧ ಗಂಟೆ ನುಂಗಿದ್ದರೆ ಉಳಿದಿರುವುದು ಇನ್ನರ್ಧ ಗಂಟೆ. ಆಟಕ್ಕೆ ಹದಿನೈದು ನಿಮಿಷ ಧಾರಾಳ.

3+ ಎಂಬ ಗುರುತಿಗೆ ಮೋಸಹೋಗಬೇಡಿ

ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಬಳಿ 3+ ಎಂದೂ ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲಿ 4+ ಎಂದೂ ಕಾಣುತ್ತದೆ. ಅದನ್ನು ನೋಡಿ ಮೂರು ವರ್ಷದವರಿಗೆಂದೇ ಮಾಡಿದ ಆಟ ಎಂದುಕೊಳ್ಳುವವರು ಬಹಳ. ಆ ಅಂಕಿ ಹೇಳುವುದು ಇಷ್ಟೇ: ಇದರಲ್ಲಿ ಹಿಂಸೆ, ಅಶ್ಲೀಲತೆ, ಹೆದರಿಸುವ ದೃಶ್ಯಗಳಿಲ್ಲ. ಆಟ ಸುಲಭವೋ ಕಷ್ಟವೋ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಚದುರಂಗದ ಆ್ಯಪ್‌ಗೂ 3+ ಸಿಗುತ್ತದೆ. ಮೂರು ವರ್ಷದ ಮಗು ಆನೆಯನ್ನು ಬಾಯಿಗೆ ಹಾಕಿಕೊಂಡೀತೇ ಹೊರತು ರಾಜನಿಗೆ ಚೆಕ್ ಕೊಡುವುದಿಲ್ಲ.

ಡೌನ್‌ಲೋಡ್ ಒತ್ತುವ ಮೊದಲು

ಪ್ಲೇ ಸ್ಟೋರ್‌ನ ಅದೇ ಪುಟದಲ್ಲಿ, ಆಟ ತಯಾರಿಸಿದವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸೂಚನೆಗಳಿರುತ್ತವೆ: ಜಾಹೀರಾತು ಇದೆಯೇ, ಆ್ಯಪ್‌ನೊಳಗೆ ಖರೀದಿ ಇದೆಯೇ. ಎರಡೂ ಇದ್ದರೆ ನಾನು ಅಲ್ಲಿಂದಲೇ ಹಿಂತಿರುಗುತ್ತೇನೆ. ಆಟದ ವಿವರಣೆಯನ್ನು ತೆರೆದು ಕೆಳಗೆ ಹೋದರೆ ಖರೀದಿಯ ದರ ಎಷ್ಟರಿಂದ ಎಷ್ಟರವರೆಗೆ ಎಂಬುದೂ ಸಿಗುತ್ತದೆ. ಬಣ್ಣ ಹಚ್ಚುವ ಆಟದ ಗರಿಷ್ಠ ದರ ಸಾವಿರ ರೂಪಾಯಿ ದಾಟಿದ್ದರೆ, ಬಣ್ಣ ಯಾರ ಮುಖಕ್ಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇದು ಅತಿಯಾದ ಅನುಮಾನವೇನಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ಬಳಸುವ 135 ಆ್ಯಪ್‌ಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ ಶೇ 95ರಷ್ಟರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಇತ್ತು. ಮಗು ಏನೂ ಕೊಳ್ಳದೆ ಅಂಗಡಿಯಿಂದ ಹೊರಬಂದರೆ ಅಳುವ ಗೊಂಬೆಯೂ ಅವರ ಕಣ್ಣಿಗೆ ಬಿತ್ತು. ಮಕ್ಕಳು ಒತ್ತಿದ ಖರೀದಿಗಳಿಗಾಗಿ ಪೋಷಕರಿಗೆ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು 2014ರಲ್ಲಿ ಆ್ಯಪಲ್ ಕಂಪನಿಯೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬಂದಿತ್ತು.

ಮಗು ಮಲಗಿದ ಮೇಲೆ, ಎಡಗೈಯಲ್ಲಿ

ಆಟ ಇಳಿಸಿಕೊಂಡಿರಿ. ಈಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆಟ ತೆರೆಯಿರಿ. ಇಂಟರ್ನೆಟ್ ಇಲ್ಲದೆ ತೆರೆಯಲು ಒಪ್ಪದ ಆಟವನ್ನು ಆ ಕ್ಷಣವೇ ಅಳಿಸಬಹುದು. ಹಣ್ಣು ಎಣಿಸಲು ಇಂಟರ್ನೆಟ್ ಏಕೆ?

ತೆರೆದುಕೊಂಡರೆ, ನಿಮಗೆ ರೂಢಿಯಿಲ್ಲದ ಕೈಯಿಂದ ಹತ್ತು ನಿಮಿಷ ಆಡಿ. ಬಲಗೈಯವರಾದರೆ ಎಡಗೈಯಿಂದ. ಮಗುವಿನ ಬೆರಳು ಎಷ್ಟು ತಡವರಿಸುತ್ತದೆ ಎಂಬುದರ ಅಂದಾಜು ಆಗ ಸಿಗುತ್ತದೆ. ಒಮ್ಮೆ ತಟ್ಟುವುದು ಮೂರು ವರ್ಷಕ್ಕೆ ಸಲೀಸು. ಒತ್ತಿ ಹಿಡಿದು ಎಳೆಯುವುದು ಹಾಗಲ್ಲ: ಸೇಬನ್ನು ಬುಟ್ಟಿಯ ಕಡೆಗೆ ಎಳೆಯುವಾಗ ಬೆರಳು ನಡುದಾರಿಯಲ್ಲೇ ಪರದೆಯಿಂದ ಮೇಲೇಳುತ್ತದೆ. ಬುದ್ಧಿವಂತರು ಮಾಡಿದ ಆಟದಲ್ಲಿ ಸೇಬು ಬಿಟ್ಟಲ್ಲೇ ನಿಂತು ಕಾಯುತ್ತದೆ. ಉಳಿದವುಗಳಲ್ಲಿ ಅದು ಹಾರಿ ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ, ಮಗು ನಾಲ್ಕು ಸಲ ಎಳೆದು ಐದನೆಯ ಸಲ ಮೊಬೈಲನ್ನೇ ಎಸೆಯುತ್ತದೆ. ಇನ್ನೊಂದು ಪರೀಕ್ಷೆ: ಫೋನಿನ ಅಂಚನ್ನು ಹಿಡಿದ ಹೆಬ್ಬೆರಳು ಪರದೆಗೆ ತಾಗಿದಂತೆಯೇ ಇರಲಿ. ಆಗಲೂ ಆಟ ನಡೆಯುತ್ತದೆಯೇ? ಪುಟ್ಟ ಕೈಗಳು ಹಿಡಿಯುವುದೇ ಹಾಗೆ.

ಬೇಕೆಂದೇ ತಪ್ಪು ಉತ್ತರ ಒತ್ತಿ. ಕಿವಿಗೆ ಹೊಡೆಯುವ ಸದ್ದು, ಕೆಂಪು ಗುಣಿಸು ಗುರುತು, ಕಳೆದುಹೋಗುವ ‘ಜೀವ’ ಇವು ಯಾವುವೂ ಈ ವಯಸ್ಸಿಗೆ ಬೇಡ. ಟಿಕ್ ಟಿಕ್ ಎನ್ನುವ ಗಡಿಯಾರ ಇದ್ದರೂ ಬೇಡ. ಏನು ಮಾಡಬೇಕೆಂದು ಅಕ್ಷರದಲ್ಲಿ ಬರೆದು ತೋರಿಸುವ ಆಟವಂತೂ ಓದಲು ಬಾರದವರಿಗಲ್ಲ.

ಕೊನೆಗೆ, ಆಟ ಹೇಗೆ ಮುಗಿಯುತ್ತದೆ ನೋಡಿ. ಒಂದು ಚಿತ್ರ ಜೋಡಿಸಿದ ಮೇಲೆ ಚಪ್ಪಾಳೆ ಹೊಡೆದು ಸುಮ್ಮನಾಗುತ್ತದೆಯೇ, ಅಥವಾ ಉಸಿರಾಡಲೂ ಬಿಡದೆ ಮುಂದಿನದನ್ನು ತಂದಿಡುತ್ತದೆಯೇ? ‘ನಾಳೆ ಬಂದರೆ ಉಡುಗೊರೆ’ ಎಂದು ಆಸೆ ತೋರಿಸುತ್ತದೆಯೇ? ಹೊರಬರುವ ಬಟನ್ ಸುಲಭವಾಗಿ ಸಿಗುತ್ತದೆಯೇ? ಉಳಿದೆಲ್ಲ ಗುಣಗಳಿದ್ದೂ ಇಲ್ಲಿ ಸೋತ ಆಟವನ್ನು ನಾನು ಮಗುವಿನ ಕೈಗೆ ಕೊಡುವುದಿಲ್ಲ.

ಹುಡುಕಾಟ ಎಲ್ಲಿಂದ ಶುರು?

ಹಣವನ್ನೂ ಕೇಳದ, ಜಾಹೀರಾತನ್ನೂ ತೋರಿಸದ ಮೂರು ಹೆಸರು ಹೇಳುತ್ತೇನೆ. ಒಂದು, 2018ರಲ್ಲಿ ಬಂದ ಖಾನ್ ಅಕಾಡೆಮಿ ಕಿಡ್ಸ್; ಎರಡರಿಂದ ಎಂಟು ವರ್ಷದವರಿಗೆ. ಮಾತು ಬಹುಪಾಲು ಇಂಗ್ಲಿಷಿನಲ್ಲಿದೆ ಎಂಬುದೊಂದೇ ತಕರಾರು. ಎರಡು, ಜಿಕಾಂಪ್ರಿ. ಫ್ರಾನ್ಸ್‌ನ ಬ್ರೂನೊ ಕುಡಾಯಿನ್ 2000ದಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದಲ್ಲಿ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಬೆರಳಾಡಿಸಿದರೆ ಮೇಲಿನ ಚೌಕಗಳು ಅಳಿಸಿಹೋಗಿ ಅಡಿಯಲ್ಲಿರುವ ಪ್ರಾಣಿ ಕಾಣುವ ಆಟವೊಂದು ಅದರಲ್ಲಿದೆ. ಮೊದಲ ವಿಡಿಯೊ ಗೇಮ್ ಆಗಲು ಅದಕ್ಕಿಂತ ಸರಳವಾದದ್ದು ಕಷ್ಟ. ಹತ್ತು ವರ್ಷದವರಿಗೆ ಬೇಕಾದದ್ದೂ ಅದೇ ಪೆಟ್ಟಿಗೆಯಲ್ಲಿರುವುದರಿಂದ, ಸೆಟ್ಟಿಂಗ್ಸ್‌ಗೆ ಹೋಗಿ ಕಷ್ಟದ ನಕ್ಷತ್ರಗಳನ್ನು ಕಡಿಮೆ ಮಾಡಿಡಿ. ಮೂರನೆಯದು 2002ರಿಂದ ಇರುವ ಟಕ್ಸ್ ಪೇಂಟ್, ಚಿತ್ರ ಬಿಡಿಸಲು. ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ.

ಅಕ್ಷರ ತಿದ್ದಿಸುವ ಆ್ಯಪ್‌ಗಳ ಬಗ್ಗೆ ಒಂದು ಮಾತು. ಮೂರು ವರ್ಷಕ್ಕೇ ಗಾಜಿನ ಮೇಲೆ ‘ಅ’ ತಿದ್ದಿಸುವ ಅವಸರ ನನಗೆ ಅರ್ಥವಾಗಿಲ್ಲ. ಸ್ಲೇಟು, ಬಳಪ, ರಂಗೋಲಿ ಹಿಟ್ಟು ಇನ್ನೂ ಅಂಗಡಿಯಲ್ಲಿ ಸಿಗುತ್ತವೆ.

ಫೋನಿಗೆ ಬೇಲಿ

ಆ್ಯಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪಿನ್’ ಎಂದು ಹುಡುಕಿದರೆ ಆ್ಯಪ್ ಪಿನ್ನಿಂಗ್ ಸಿಗುತ್ತದೆ. ಅದನ್ನು ಆನ್ ಮಾಡಿ, ಹೊರಬರಲು ಪಿನ್ ಕೇಳುವಂತೆ ಇಡಿ; ಮಗು ಆ ಆಟದಿಂದ ನಿಮ್ಮ ವಾಟ್ಸ್ಆ್ಯಪ್‌ಗೆ ದಾಟಿ ಮೇಲಧಿಕಾರಿಗೆ ಮುತ್ತಿನ ಚಿತ್ರ ಕಳುಹಿಸುವುದು ತಪ್ಪುತ್ತದೆ. ಐಫೋನ್, ಐಪ್ಯಾಡ್‌ನಲ್ಲಿ ಇದೇ ಕೆಲಸಕ್ಕೆ ಗೈಡೆಡ್ ಆ್ಯಕ್ಸೆಸ್ ಇದೆ. ಸ್ಯಾಮ್‌ಸಂಗ್ ಫೋನುಗಳಿಗೆ ಸ್ಯಾಮ್‌ಸಂಗ್ ಕಿಡ್ಸ್ ಉಂಟು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವ ಆಯ್ಕೆಯನ್ನೂ ಮರೆಯದೆ ಹಾಕಿ.

ಪಕ್ಕದಲ್ಲಿ ಕೂತು, ಕನ್ನಡದಲ್ಲಿ

ಆಟದೊಳಗಿನ ಇಂಗ್ಲಿಷ್ ಧ್ವನಿಯನ್ನು ಪೂರ್ತಿ ಇಳಿಸಿ, ಮಾತಿನ ಕೆಲಸವನ್ನು ನೀವೇ ವಹಿಸಿಕೊಳ್ಳಿ. ‘ನೇರಳೆ ಬಣ್ಣದ ಮೀನು ಎಲ್ಲಿ ಕಂದಾ? ಅದರ ಬಾಲ ಯಾವ ಕಡೆಗಿದೆ?’ ಎಂದು ಅಜ್ಜಿ ಕೇಳುತ್ತಿದ್ದರೆ ಆಟವೂ ನಿಧಾನವಾಗುತ್ತದೆ, ಮಗುವೂ ಮಾತಿಗೆ ಇಳಿಯುತ್ತದೆ. ಪರದೇಶದಲ್ಲಿರುವ ಕನ್ನಡದ ಮನೆಗಳಿಗಂತೂ ಇದು ಖರ್ಚಿಲ್ಲದ ಪಾಠ.

ನಿಲ್ಲಿಸುವಾಗ ‘ಇನ್ನು ಐದು ನಿಮಿಷ’ ಎಂದರೆ ಪ್ರಯೋಜನವಿಲ್ಲ. ಮಗುವಿಗೆ ನಿಮಿಷ ಗೊತ್ತಿಲ್ಲ. ‘ಈ ಆನೆಗೆ ಬಣ್ಣ ಹಚ್ಚಿದ ಮೇಲೆ ಮುಗಿಯಿತು’ ಎಂದು ಮೊದಲೇ ಹೇಳಿ. ಮುಗಿದ ಕೂಡಲೇ ಮಾಡಲು ಬೇರೊಂದು ಕೆಲಸ ಸಿದ್ಧವಿರಲಿ: ಬಟಾಣಿ ಸುಲಿಯುವುದು, ಗಿಡಕ್ಕೆ ನೀರು ಹಾಕುವುದು, ಏನಾದರೂ. ಹೀಗಿದ್ದೂ ಪ್ರತಿ ದಿನ ರಂಪವಾಗುತ್ತಿದ್ದರೆ ಆ ಆಟವನ್ನು ವಾರದ ಮಟ್ಟಿಗೆ ತೆಗೆದು ನೋಡಿ.

ಆಟಗಳು ಅಪ್‌ಡೇಟ್ ಆಗುತ್ತಿರುತ್ತವೆ ಎಂಬುದೂ ನೆನಪಿರಲಿ. ಹೋದ ತಿಂಗಳು ತಂಟೆಯಿಲ್ಲದೆ ಇದ್ದ ಆಟಕ್ಕೆ ಈ ತಿಂಗಳು ಜಾಹೀರಾತು ಅಂಟಿಕೊಂಡಿರಬಹುದು. ಅಪ್‌ಡೇಟ್ ಆದಾಗಲೆಲ್ಲ ಏರೋಪ್ಲೇನ್ ಮೋಡ್ ತೆಗೆದು, ಮಗುವಿಗಿಂತ ಮೊದಲು ನೀವು ಒಂದು ಸುತ್ತು ಆಡಿ ನೋಡಿ.